ನಮ್ಮ ಮನೆ, ನಮ್ಮ ಅಂಗಳ: ಹಬ್ಬ ಮುಗಿದ ಮನೆಗೆ ಚಳಿಗಾಲದ ಸಿಂಗಾರ



ಗೌರಿ ಹುಣ್ಣಿಮೆಯ ಸಕ್ಕರೆ ಆರತಿ ಮುಗಿಯಿತೆಂದರೆ ನಮ್ಮ ಸೊಲ್ಲಾಪುರ ಸೀಮೆಯಲ್ಲಿ ದೀಪಾವಳಿಯ ಸಡಗರಕ್ಕೆ ಮಂಗಳ ಹಾಡಿದಂತೆಯೇ ಸರಿ. ಮರುದಿನ ಮುಂಜಾನೆ ಎದ್ದು ಮನೆಯನ್ನು ಒಮ್ಮೆ ಸುತ್ತಿ ನೋಡಿದರೆ, ದಿಬ್ಬಣ ಹೊರಟುಹೋದ ಹಂದರದಂತೆ ಅದು ಬಿಕೋ ಎನ್ನುತ್ತಿರುತ್ತದೆ. ತಲೆಬಾಗಿಲ ತೋರಣದ ಚೆಂಡುಹೂಗಳು ಒಣಗಿ ಕಂದಿವೆ. ಆಕಾಶಬುಟ್ಟಿಯ ಬಣ್ಣದ ಕಾಗದ ಗಾಳಿಗೆ ಹರಿದು ಪಟಪಟನೆ ಬಡಿದುಕೊಳ್ಳುತ್ತಿದೆ. ಗೂಡಿನೊಳಗಿನ ಹಣತೆಗಳಲ್ಲಿ ಎಣ್ಣೆಯ ಜಿಡ್ಡೂ ಸುಟ್ಟ ಬತ್ತಿಯ ಕರಿಯೂ ಉಳಿದಿವೆ. ರಜೆ ಮುಗಿಸಿದ ಮಕ್ಕಳು ಪುಣೆಗೋ ಮುಂಬಯಿಗೋ ಹಿಂದಿರುಗಿ ಆಗಲೇ ಕೆಲವು ದಿನಗಳಾಗಿವೆ. ಸಕ್ಕರೆ ಗೊಂಬೆಗಳ ಪೈಕಿ ಒಂಟೆಯ ಕಾಲೊಂದು, ಗೋಪುರದ ತುದಿಯೊಂದು ಡಬ್ಬಿಯ ತಳದಲ್ಲಿ ಇರುವೆಗಳಿಗಾಗಿ ಕಾದು ಕುಳಿತಿವೆ.

ಇಲ್ಲಿಂದ ಮುಂದೆ ಸಂಕ್ರಾಂತಿಯ ವೇಳೆಗೆ ಸಿದ್ಧರಾಮೇಶ್ವರನ ಜಾತ್ರೆಯ ನಂದಿಕೋಲುಗಳು ಏಳುವವರೆಗೆ ಹತ್ತಿರ ಹತ್ತಿರ ಎರಡು ತಿಂಗಳ ಅವಧಿ. ನಡುವೆ ಎಳ್ಳಮಾವಾಸ್ಯೆ ಬಂದು ಹೋಗುವುದೇನೋ ನಿಜ. ಆದರೆ ಅದು ಹೊಲದ ಹಬ್ಬ, ಬುತ್ತಿ ಕಟ್ಟಿಕೊಂಡು ಮನೆಗೆ ಬೀಗ ಹಾಕಿ ಹೋಗುವ ಹಬ್ಬ. ಹೀಗಾಗಿ ಮನೆಯ ಪಾಲಿಗೆ ಇದು ಸಪ್ಪೆ ಕಾಲವೆಂದೂ, ಸಿಂಗಾರಕ್ಕೆ ಈಗೇನು ಅವಸರವೆಂದೂ ನಮ್ಮಲ್ಲಿ ಹಲವರು ಭಾವಿಸುತ್ತಾರೆ. ನಾವೂ ಬಹುಕಾಲ ಹಾಗೆಯೇ ಭಾವಿಸಿದ್ದೆವು. ಆ ಭಾವನೆ ತಪ್ಪೆಂದು ತಿಳಿಯಲು ನಮಗೆ ಒಂದು ನಷ್ಟವೇ ಒದಗಬೇಕಾಯಿತು. ಅದನ್ನು ಮುಂದೆ ಹೇಳುತ್ತೇವೆ.

ವಿಚಾರ ಮಾಡಿ ನೋಡಿದರೆ, ಹಬ್ಬದ ಸಿಂಗಾರವೆಲ್ಲ ಬಂದು ಹೋಗುವವರಿಗಾಗಿ. ತೋರಣ ಕಟ್ಟುವುದು ಬೀದಿಯ ಕಡೆಗೆ, ದೀಪ ಇಡುವುದು ಹೊಸ್ತಿಲಾಚೆಗೆ, ರಂಗೋಲಿಯ ಮುಖವೂ ಹೊರಗೇ. ಚಳಿಗಾಲದ ಸಿಂಗಾರವಾದರೋ ಮನೆಯಲ್ಲಿ ಉಳಿದವರಿಗಾಗಿ. ವಯಸ್ಸಾದವರ ಮೊಣಕಾಲು, ಕೂಸುಗಳ ಎದೆ, ನಸುಕಿನಲ್ಲೆದ್ದು ನೀರು ಕಾಯಿಸುವ ಹೆಣ್ಣುಮಗಳ ಪಾದ, ಇವುಗಳನ್ನು ಕಣ್ಣ ಮುಂದಿಟ್ಟುಕೊಂಡು ಮಾಡಬೇಕಾದ ಸಿಂಗಾರವದು. ಅದಕ್ಕೆ ಖರ್ಚು ಕಡಿಮೆ, ಗಮನ ಹೆಚ್ಚು.

ಮೊದಲ ಕೆಲಸ, ಹಬ್ಬದ ಸಾಮಾನನ್ನು ಮರ್ಯಾದೆಯಿಂದ ಬೀಳ್ಕೊಡುವುದು. ಒಣಗಿದ ತೋರಣವನ್ನು ಕಸದ ಬುಟ್ಟಿಗೆ ಹಾಕಬೇಡಿರಿ. ಚೆಂಡುಹೂವಿನ ದಳಗಳ ಬುಡದಲ್ಲಿ ಕಪ್ಪು ಕಡ್ಡಿಯಂತಹ ಬೀಜಗಳಿರುತ್ತವೆ. ಅರಳಿ ಬಲಿತ ಹೂವಾಗಿದ್ದರೆ ಅವುಗಳಲ್ಲಿ ಹಲವು ಮೊಳೆಯುತ್ತವೆ. ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟರೆ ಮುಂಗಾರಿನಲ್ಲಿ ಅಂಗಳದ ಮೂಲೆಗೆ ಚೆಲ್ಲಬಹುದು. ಬರುವ ದೀಪಾವಳಿಯ ತೋರಣಕ್ಕೆ ಈ ಸಲದ ತೋರಣವೇ ತಾಯಿಯಾಗುತ್ತದೆ. ಹಣತೆಗಳನ್ನು ಬಿಸಿನೀರು, ಸೀಗೆಪುಡಿ ಹಾಕಿ ತಿಕ್ಕಿ, ಎರಡು ದಿನ ಬಿಸಿಲಿಗೊಣಗಿಸಿ, ಹುಲ್ಲಿನಲ್ಲಿಯೋ ಹಳೆಯ ಪತ್ರಿಕೆಯಲ್ಲಿಯೋ ಸುತ್ತಿಡಿರಿ. ಎರಡನ್ನು ಮಾತ್ರ ಹೊರಗೆ ಉಳಿಸಿಕೊಳ್ಳಿರಿ. ಕತ್ತಲೆ ಬೇಗನೆ ಕವಿಯುವ ಈ ದಿನಗಳಲ್ಲಿ ತುಳಸಿಕಟ್ಟೆಗೊಂದು, ತಲೆಬಾಗಿಲಿಗೊಂದು ಸೊಡರು ಬೇಕು. ಬಾಲ್ಕನಿಗೆ ಸುತ್ತಿದ ಮಿಣಮಿಣ ಬಲ್ಬಿನ ಸರವನ್ನು ಇಳಿಸಿದಾಗ ಆಗುವ ಬೇಸರ ಆ ಎರಡು ಹಣತೆಗಳಿಂದ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಎರಡನೆಯ ಕೆಲಸ, ಬಿಸಿಲನ್ನು ಮನೆಗೆ ಕರೆಯುವುದು. ಇದರಲ್ಲಿ ನಮ್ಮ ಹಿರಿಯರಿಗಿದ್ದ ಲೆಕ್ಕ ನಮಗೆ ಮರೆತುಹೋಗಿದೆ. ಜೂನ್ ತಿಂಗಳ ನಡುಹಗಲಿನಲ್ಲಿ ಸೂರ್ಯನು ನಮ್ಮ ನೆತ್ತಿಯನ್ನೂ ದಾಟಿ ಕೊಂಚ ಉತ್ತರಕ್ಕೆ ವಾಲಿರುತ್ತಾನೆ. ಡಿಸೆಂಬರ್ 22ರ ಸುಮಾರಿಗೆ ದಕ್ಷಿಣದ ಕಡೆ ಬಹಳ ಕೆಳಗಿಳಿದಿರುತ್ತಾನೆ. ಆದುದರಿಂದ ಬೇಸಿಗೆಯಲ್ಲಿ ದಕ್ಷಿಣದ ಕಿಟಕಿಯ ಹೊಸ್ತಿಲಲ್ಲಿಯೇ ನಿಲ್ಲುವ ಬಿಸಿಲು ಚಳಿಗಾಲದಲ್ಲಿ ನಡುಮನೆಯವರೆಗೆ ನಡೆದು ಬರುತ್ತದೆ. ನಮ್ಮ ಊರಿನಲ್ಲಿ ಈ ಕಾಲಕ್ಕೆ ಹಗಲು 30 ಡಿಗ್ರಿಯ ಆಸುಪಾಸು ಇದ್ದರೆ ನಸುಕಿನಲ್ಲಿ 15ರ ಆಸುಪಾಸಿಗೆ ಇಳಿಯುತ್ತದೆ. ಹಿಮ ಬೀಳುವ ನಾಡಿನವರಿಗೆ ಇದು ಚಳಿಯೇ ಅಲ್ಲವೆನಿಸೀತು. ಆದರೆ ಒಂದೇ ದಿನದಲ್ಲಿ ಹದಿನೈದು ಡಿಗ್ರಿಯ ಏರಿಳಿತವನ್ನು ಸಹಿಸಬೇಕಾದ ಮುದಿ ಮೈಗಳಿಗೆ ಅದರ ಕಷ್ಟ ಗೊತ್ತು.

ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಮೊಳಕ್ಕಿಂತ ದಪ್ಪನೆಯ ಗೋಡೆಗಳೂ ಮೇಲಿನ ಮಣ್ಣಿನ ಹೊದಿಕೆಯೂ ಹಗಲಿನ ಕಾವನ್ನು ಹಿಡಿದಿಟ್ಟು ರಾತ್ರಿ ನಿಧಾನವಾಗಿ ಬಿಟ್ಟುಕೊಡುತ್ತಿದ್ದವು. ಇಂದಿನ ತೆಳುವಾದ ಕಾಂಕ್ರೀಟು ಸ್ಲ್ಯಾಬಿಗೆ ಆ ತಾಳ್ಮೆ ಇಲ್ಲ. ಬೇಗ ಕಾಯುತ್ತದೆ, ಬೇಗ ಆರುತ್ತದೆ. ಆದುದರಿಂದ ನಾವು ಮಾಡಬೇಕಾದುದಿಷ್ಟು. ಬೇಸಿಗೆಗೆಂದು ಕಟ್ಟಿದ ದಪ್ಪ ಪರದೆಗಳನ್ನು ದಕ್ಷಿಣದ ಕಿಟಕಿಯಿಂದ ತೆಗೆದುಬಿಡಬೇಕು. ಬಿಸಿಲು ಬೀಳುವ ಜಾಗವನ್ನು ಒಂದು ದಿನ ಕುಳಿತು ಗುರುತಿಸಿ, ಮನೆಯ ಹಿರಿಯರ ಕುರ್ಚಿಯನ್ನೋ ಮಂಚವನ್ನೋ ಅಲ್ಲಿಗೆ ಸರಿಸಬೇಕು. ಸಂಜೆ ಐದಾಗುತ್ತಲೇ ಕಿಟಕಿ ಮುಚ್ಚಿ ಆ ಕಾವನ್ನು ಒಳಗೇ ಉಳಿಸಿಕೊಳ್ಳಬೇಕು. ಹೀಗೆ ಕುರ್ಚಿ ಸರಿಸಿದ ಮರುದಿನದಿಂದ ನಮ್ಮ ಮಾವನವರು ಪತ್ರಿಕೆಯನ್ನು ಹಾಸಿಗೆಯಲ್ಲಿ ಮಲಗಿ ಓದುವುದನ್ನು ಬಿಟ್ಟು ಬಿಸಿಲಿನಲ್ಲಿ ಕುಳಿತು ಓದತೊಡಗಿದರು. ಕುರ್ಚಿಯ ಜಾಗವೊಂದು ಬದಲಾದುದಕ್ಕೆ ಮನೆಯ ಮುಖವೇ ಬದಲಾಯಿತು.

ಮೂರನೆಯದು ನೆಲ. ನಮ್ಮ ಕಡೆ ಬಹಳ ಮನೆಗಳಲ್ಲಿ ಶಹಾಬಾದಿ ಫರಸಿಯ ನೆಲ. ವೈಶಾಖದಲ್ಲಿ ಅದರ ಮೇಲೆ ಮಲಗುವುದೇ ಒಂದು ಸುಖ, ಮಾರ್ಗಶಿರದಲ್ಲಿ ಅದರ ಮೇಲೆ ಕಾಲಿಡುವುದೇ ಒಂದು ಶಿಕ್ಷೆ. ಅಟ್ಟದ ಮೇಲೆ ಸುತ್ತಿಟ್ಟ ಜಮಖಾನವನ್ನೂ ಕರಿಯ ಕಂಬಳಿಯನ್ನೂ ಇಳಿಸುವ ಕಾಲವಿದು. ಎರಡು ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ದೂಳು ಕೊಡವಿ ಹಾಸಿರಿ. ಕಂಬಳಿಯನ್ನು ದೇವರಮನೆಯ ಮುಂದೆಯೂ ಅಡಿಗೆಮನೆಯ ಒಲೆಯೆದುರಿಗೂ ಮಡಿಕೆ ಹಾಕಿ ಹಾಸಿದರೆ ನಸುಕಿನ ಕೆಲಸ ಅರ್ಧ ಹಗುರವಾಗುತ್ತದೆ. ಕರಿಯ ಕಂಬಳಿಯ ಮೇಲೆ ತಿಕ್ಕಿ ಬೆಳಗಿದ ಹಿತ್ತಾಳೆಯ ತಂಬಿಗೆಯೊಂದನ್ನಿಟ್ಟು ಅದರಲ್ಲಿ ನಾಲ್ಕು ಸೇವಂತಿಗೆಯನ್ನು ಇರಿಸಿ ನೋಡಿರಿ. ಪೇಟೆಯಿಂದ ತಂದ ಯಾವ ಪ್ಲಾಸ್ಟಿಕ್ ಹೂಗುಚ್ಛಕ್ಕೂ ಆ ಕಳೆ ಬರಲಾರದು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋದವರು ಬರುವಾಗ ಬೆಳಸಿಗೆಂದು ಕೊಯ್ದ ಜೋಳದ ತೆನೆಗಳಲ್ಲಿ ಹತ್ತನ್ನು ಉಳಿಸಿ, ದಂಟಿನ ಸಮೇತ ಗೊಂಚಲು ಕಟ್ಟಿ ಪಡಸಾಲೆಯ ತೊಲೆಗೆ ತೂಗುಹಾಕಿರಿ. ಕಣ್ಣಿಗೆ ಅದು ತೋರಣ, ಗುಬ್ಬಿಗೆ ಊಟ.

ನಾಲ್ಕನೆಯದು ಗೋಡೆ. ಹೊಸ ಇಸವಿಯ ಕ್ಯಾಲೆಂಡರು ಮನೆಗೆ ಬರುವುದು ಈ ಕಾಲದಲ್ಲಿಯೇ. ನಾವಿರುವ ನಾಡಿನ ಭಾಷೆ ಮರಾಠಿ. ಅದರ ಅನ್ನ ಉಂಡವರು ನಾವು. ಮರಾಠಿ ಕ್ಯಾಲೆಂಡರು ನಮ್ಮ ಅಡಿಗೆಮನೆಯಲ್ಲಿ ಅಗತ್ಯವಾಗಿ ಇರಲಿ. ಅದರ ಪಕ್ಕದಲ್ಲಿ ಕನ್ನಡದ್ದೂ ಒಂದು ಇರಲಿ ಎಂಬುದಷ್ಟೇ ನಮ್ಮ ಬಿನ್ನಹ. 1960ರಲ್ಲಿ ಮಹಾರಾಷ್ಟ್ರ ರಾಜ್ಯ ಉದಯವಾದಂದಿನಿಂದ ಇಂದಿನವರೆಗೆ ಎರಡು ಮೂರು ತಲೆಮಾರಿನ ಮಕ್ಕಳು ಶಾಲೆಯಲ್ಲಿ ಕನ್ನಡ ಅಕ್ಷರ ಕಲಿಯದೆಯೇ ಬೆಳೆದಿದ್ದಾರೆ. ದಿನಕ್ಕೊಂದು ಸಲ ಗೋಡೆಯ ಮೇಲೆ ‘ಸೋಮವಾರ’ ಎಂಬ ನಾಲ್ಕು ಅಕ್ಷರ ಕಣ್ಣಿಗೆ ಬಿದ್ದರೂ ಸಣ್ಣ ಲಾಭವಲ್ಲ.

ಇನ್ನು ಐದನೆಯದು, ಹಾಸಿಗೆ-ಹೊದಿಕೆ. ನಮ್ಮ ನಷ್ಟದ ಕಥೆ ಇರುವುದು ಇಲ್ಲಿಯೇ.

ಹೊದಿಕೆಯ ವಿಷಯದಲ್ಲಿ ಸೊಲ್ಲಾಪುರಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. 1877ರಲ್ಲಿ ಇಲ್ಲಿ ಮೊದಲ ಗಿರಣಿ ನೂಲತೊಡಗಿದಂದಿನಿಂದ ಈ ಊರು ಅರಿವೆಯ ಊರು. ಗಿರಣಿಯ ಭೋಂಗಾ ಕೇಳಿ ಏಳುತ್ತಿದ್ದ ಊರಿನಲ್ಲಿ ಈಗ ಆ ಹಳೆಯ ಗಿರಣಿಗಳ ಸದ್ದು ನಿಂತಿದೆ. ಆದರೂ ತೆಲುಗು ಸೀಮೆಯಿಂದ ಬಂದು ನೆಲೆಸಿದ ಪದ್ಮಸಾಲಿ ನೇಕಾರರ ಮಗ್ಗಗಳು ಸೊಲ್ಲಾಪುರಿ ಚಾದರಿನ ಹೆಸರನ್ನು ಉಳಿಸಿಕೊಂಡು ಬಂದಿವೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಆ ಚಾದರು ಮಂಚದ ಮೇಲೆ ಇರಲೇಬೇಕು. ಆದರೆ ನಮ್ಮ ಹಿರಿಯರು ಚಾದರಿನೊಂದಿಗೆ ಇನ್ನೊಂದನ್ನು ಹೊದೆಯುತ್ತಿದ್ದರು. ಅದು ಕೌದಿ.

ಕೌದಿಯೆಂದರೆ ಬಡವರ ಹೊದಿಕೆ ಎಂಬ ಭಾವನೆ ನಮ್ಮ ಪೇಟೆಯ ಮನೆಗಳಲ್ಲಿ ಯಾವಾಗಲೋ ಹೊಕ್ಕುಬಿಟ್ಟಿತು. ಅದರ ರಚನೆಯನ್ನು ಬಲ್ಲವರು ಹಾಗೆ ಹೇಳಲಾರರು. ದೊಡ್ಡವರ ಕೌದಿಯೊಂದಕ್ಕೆ ನಾಲ್ಕೈದು ಹಳೆಯ ನೂಲಿನ ಸೀರೆ, ಒಂದೆರಡು ಧೋತರ ಬೇಕು. ತಳಕ್ಕೆ ಗಟ್ಟಿಯಾದ ಸೀರೆ, ನಡುವೆ ಮೆತ್ತನೆಯ ಧೋತರದ ಪದರುಗಳು, ಮೇಲೆ ಬಣ್ಣಬಣ್ಣದ ತೇಪೆಗಳು. ಅಂಚಿನಿಂದ ಆರಂಭಿಸಿ ಸಾಲು ಸಾಲಾಗಿ ದಪ್ಪ ದಾರದ ಹೊಲಿಗೆ ಒಳಗೊಳಗೆ ಸರಿಯುತ್ತ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ. ಪದರುಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮೈಯ ಕಾವನ್ನು ಹೊರಗೆ ಬಿಡದೆ ಕಾಯುವುದು. ನೂರಾರು ಸಲ ಒಗೆದು ಮೆತ್ತಗಾದ ನೂಲು ಅದಕ್ಕೆ ಒಳ್ಳೆಯದು. ನೈಲೆಕ್ಸು, ಪಾಲಿಸ್ಟರು ಸೀರೆಗಳಿಂದ ಹೊಲಿದ ಕೌದಿ ಜಾರುತ್ತದೆ, ಬೆವರು ಹೀರುವುದಿಲ್ಲ. ನಮ್ಮ ಮನೆಯಲ್ಲಿ ಕೌದಿ ಮುಗಿಯುವಾಗ, ಅದರ ಹೊಟ್ಟೆ ಬರಿದಾಗಿರಬಾರದೆಂದು ಕೊನೆಯ ತೇಪೆಯ ಅಡಿಯಲ್ಲಿ ರೊಟ್ಟಿಯ ಚೂರೊಂದನ್ನು ಇಟ್ಟು ಹೊಲಿಯುವ ಪದ್ಧತಿಯಿತ್ತು.

ನಮ್ಮ ಅತ್ತೆಯವರು ಇಂಡಿಯ ಕಡೆಯಿಂದ ಈ ಮನೆಗೆ ಬಂದವರು. ಅವರ ಕಾಲಾನಂತರ ಕಬ್ಬಿಣದ ಟ್ರಂಕಿನಲ್ಲಿ ಅವರ ಹತ್ತು-ಹನ್ನೊಂದು ಇಳಕಲ್ ಸೀರೆಗಳು ಬೇವಿನ ಎಲೆಯ ನಡುವೆ ಹಾಗೆಯೇ ಉಳಿದಿದ್ದವು. ಕೆಲವು ವರ್ಷಗಳ ಹಿಂದಿನ ದೀಪಾವಳಿಯ ಸ್ವಚ್ಛತೆಯ ಭರದಲ್ಲಿ, ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಓಣಿಯಲ್ಲಿ ಕೂಗಿದ್ದೇ ತಡ, ನಾವು ಆ ಸೀರೆಗಳನ್ನೆಲ್ಲ ಎತ್ತಿ ಅವಳ ಮುಂದೆ ಹಾಕಿದೆವು. ಉಡುವವರಿಲ್ಲ, ಅಂಚು ಸವೆದಿವೆ, ಜಾಗವಾದರೂ ಆಗಲಿ ಎಂಬುದು ನಮ್ಮ ಅಂದಿನ ವಾದ. ಚೌಕಾಸಿ ಮಾಡಿ ಮಾಡಿ ಮುಚ್ಚಳವುಳ್ಳ ದೊಡ್ಡದೊಂದು ಸ್ಟೀಲಿನ ಡಬ್ಬಿಯನ್ನು ಗಳಿಸಿದೆವು. ಲಾಭವಾಯಿತೆಂದು ನೆರೆಮನೆಯವರಿಗೆ ತೋರಿಸಿದ್ದೂ ಉಂಟು. ಆ ವರ್ಷದ ಚಕ್ಕುಲಿ ಆ ಡಬ್ಬಿಯಲ್ಲಿಯೇ ತುಂಬಿತು.

ಹಬ್ಬ ಮುಗಿಯಿತು, ಚಳಿ ಬಂತು. ಅತ್ತೆಯವರೇ ಹೊಲಿಸಿದ್ದ ಹಳೆಯ ಕೌದಿಯನ್ನು ಮಾವನವರಿಗೆಂದು ಹೊರಗೆ ತೆಗೆದರೆ, ನಡುವೆ ಎರಡು ಕಡೆ ಹರಿದು ಒಳಗಿನ ಪದರು ಹೊರಗೆ ಬಂದಿತ್ತು. ಅದೇ ವಾರ, ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಣ್ಣುಮಗಳೊಬ್ಬಳು ಬಾಗಿಲಿಗೆ ಬಂದು ಕೇಳಿದಳು:

“ಅವ್ವಾರ, ಕೌದಿ ಹೊಲಸೂದೈತೇನ್ರೀ?”

“ಹೊಲಸಬೇಕವ್ವಾ, ಒಳಗ ಬಾ,” ಎಂದೆವು.

“ಹಳೇ ಪತ್ತಲ ಎಷ್ಟ್ ಅದಾವ್ರೀ?”

ನಾವು ಟ್ರಂಕು ತೆರೆದೆವು. ತೆರೆದ ಮೇಲೆ ನೆನಪಾಯಿತು. ತಳದಲ್ಲಿ ಒಣಗಿದ ಬೇವಿನ ಎಲೆಗಳಷ್ಟೇ ಇದ್ದವು. ನಮ್ಮ ಎರಡು ಹಳೆಯ ಪಾಲಿಸ್ಟರು ಸೀರೆಗಳನ್ನು ತಂದು ತೋರಿಸಿದಾಗ ಅವಳು ಬೆರಳಿನಿಂದ ಮುಟ್ಟಿ ನೋಡಿ ನಕ್ಕಳು.

“ಮೆತ್ತಗಿನ ಅರಿಬಿ ಇಲ್ಲದ ಕೌದಿ ಹ್ಯಾಂಗ ಬೆಚ್ಚಗ ಆದೀತ್ರೀ, ಅವ್ವಾರ?”

ಪಡಸಾಲೆಯಲ್ಲಿ ಕುಳಿತಿದ್ದ ಮಾವನವರು ಎಲ್ಲವನ್ನೂ ಕೇಳಿಸಿಕೊಂಡರು. ಸೀರೆಗಳು ಎಲ್ಲಿ ಹೋದವೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಇಂದಿಗೂ ಅನಿಸುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದೇವರಮನೆಯ ಮಾಡಿನಲ್ಲಿದ್ದ ಪುರಾಣದ ಪುಸ್ತಕಗಳ ಗಂಟನ್ನು ತರಿಸಿಕೊಂಡು, ತಮ್ಮ ಕೈಯಾರೆ ಬಿಚ್ಚಿದರು. ಅದನ್ನು ಸುತ್ತಿದ್ದ ಅರಿವೆ ಅತ್ತೆಯವರದೇ ಒಂದು ಇಳಕಲ್ ಸೀರೆ. ಕೆಂಪು ಸೆರಗಿನ ಮೇಲೆ ಬಿಳಿಯ ಟೋಪು ತೆನೆ ಇನ್ನೂ ಮಾಸಿರಲಿಲ್ಲ. “ಪುಸ್ತಕಕ್ಕ ಬ್ಯಾರೇದು ಏನಾರೆ ಸುತ್ತರಿ,” ಎಂದಷ್ಟೇ ಹೇಳಿ ಸೀರೆಯನ್ನು ಅವಳ ಮುಂದಿಟ್ಟರು.

ಒಂದು ಸೀರೆಯಿಂದ ಕೌದಿಯಾಗದು. ಮಾವನವರ ಧೋತರಗಳು ಮೂರು ಸಿಕ್ಕವು. ಉಳಿದುದನ್ನು ನೆರೆಮನೆಯ ನೇಕಾರರ ಸೊಸೆ ಪೂರೈಸಿದರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಮರಾಠಿ, ನಮ್ಮೊಂದಿಗೆ ಕನ್ನಡ ಆಡುವ ಆ ತಾಯಿ, “ನಮ್ಮ ಅತ್ತೀವೂ ಎರಡು ಸೀರಿ ಅದಾವ, ಸುಮ್ಮನ ಇಟ್ಟು ಏನ ಮಾಡೂದೈತಿ, ಒಯ್ರಿ,” ಎಂದು ತಂದುಕೊಟ್ಟರು. ಬೆಲೆ ಕೊಡಹೋದರೆ ಬೇಸರಪಟ್ಟುಕೊಂಡರು. ನಾಲ್ಕು ದಿನ ನಮ್ಮ ಅಂಗಳದ ಬಿಸಿಲಿನಲ್ಲಿ ಕುಳಿತು ಆ ಹೆಣ್ಣುಮಗಳು ಕೌದಿ ಮುಗಿಸಿದಳು. ಕೊನೆಯ ತೇಪೆಯ ಅಡಿಯಲ್ಲಿ ರೊಟ್ಟಿಯ ಚೂರನ್ನು ಮಾವನವರೇ ಇಟ್ಟರು.

ಆ ವರ್ಷ ಸಂಕ್ರಾಂತಿಯ ಜಾತ್ರೆಗೆ ಮಗಳು ಪುಣೆಯಿಂದ ಏಳು ವರ್ಷದ ಕೂಸನ್ನು ಕರೆದುಕೊಂಡು ಬಂದಿದ್ದಳು. ನಮ್ಮ ಮೊಮ್ಮಗಳಿಗೆ ಕನ್ನಡ ತಿಳಿಯುತ್ತದೆ, ಆದರೆ ಉತ್ತರ ಬರುವುದು ಮರಾಠಿಯಲ್ಲಿ. ನಾವು ಎಷ್ಟು ಸಲ ತಿದ್ದಿದರೂ ಪ್ರಯೋಜನವಾಗಿರಲಿಲ್ಲ. ತಿದ್ದಿದಷ್ಟೂ ಅವಳು ಮೌನವಾಗುತ್ತಿದ್ದಳು. ಅಂದು ರಾತ್ರಿ ಮುತ್ತಜ್ಜನ ಪಕ್ಕದಲ್ಲಿ ಕೌದಿಯೊಳಗೆ ನುಸುಳಿದವಳು ಒಂದು ತೇಪೆಯ ಮೇಲೆ ಬೆರಳಿಟ್ಟು, “ಹೀ ಕೋಣಾಚೀ ಸಾಡೀ?” ಎಂದು ಕೇಳಿದಳು.

ಮಾವನವರು ತಿದ್ದಲಿಲ್ಲ. “ಇದು ನಿನ್ನ ಮುತ್ತಜ್ಜಿ ಪತ್ತಲ,” ಎಂದರು. “ಇದ?” “ಇದು ನನ್ನ ಧೋತರ.” “ಇದ?” “ಇದು ಬಾಜೂಮನಿ ಅಜ್ಜಿ ಸೀರಿ.” ಬೆರಳು ಒಂದೊಂದೇ ತೇಪೆಯ ಮೇಲೆ ಸರಿಯುತ್ತ ಹೋಯಿತು. ಪ್ರಶ್ನೆ ಯಾವಾಗ ಮರಾಠಿಯಿಂದ ಕನ್ನಡಕ್ಕೆ ಹೊರಳಿತೋ ಅವಳಿಗೂ ತಿಳಿಯಲಿಲ್ಲ, ಪಕ್ಕದ ಕೋಣೆಯಲ್ಲಿದ್ದ ನಮಗೂ ತಡವಾಗಿ ಹೊಳೆಯಿತು. ಮರುದಿನ ಬೆಳಿಗ್ಗೆ ಅವಳು ತಾಯಿಯನ್ನು ಕೂರಿಸಿಕೊಂಡು, “ಇದು ಮುತ್ತಜ್ಜಿ ಪತ್ತಲ, ಇದು ಮುತ್ತಜ್ಜನ ಧೋತರ,” ಎಂದು ಒಂದೂ ತಪ್ಪದಂತೆ ಒಪ್ಪಿಸುತ್ತಿದ್ದಳು. ಹತ್ತು ಸೀರೆಗಳೂ ಇದ್ದಿದ್ದರೆ ಇನ್ನೆಷ್ಟು ಕಥೆಗಳನ್ನು ಕೇಳುತ್ತಿದ್ದಳೋ ಎಂದು ನಮಗೆ ಅನಿಸಿತು. ಮದುವೆಯ ಸೀರೆ ಯಾವುದು, ಬಾಣಂತಿತನದ ಸೀರೆ ಯಾವುದು, ಇಂಡಿಯಿಂದ ಅವರ ತವರಿನವರು ತಂದುಕೊಟ್ಟದ್ದು ಯಾವುದು, ಇವನ್ನೆಲ್ಲ ಈಗ ಕೈಯಿಟ್ಟು ತೋರಿಸಲಾರೆವು. ಸ್ಟೀಲಿನ ಡಬ್ಬಿ ಮಾತ್ರ ಅಡಿಗೆಮನೆಯಲ್ಲಿ ಈಗಲೂ ಹೊಳೆಯುತ್ತಿದೆ.

ಮಾವನವರು ಆ ಕೌದಿಯನ್ನು ಎರಡು ಚಳಿಗಾಲ ಹೊದೆದರು. ಈಗ ಅದು ಬಿಸಿಲು ಬೀಳುವ ಅದೇ ಮಂಚದ ಮೇಲೆ ಹಾಸಿರುತ್ತದೆ.

ವಾಚಕ ಭಗಿನಿಯರಲ್ಲಿ ನಮ್ಮ ವಿನಂತಿ ಇಷ್ಟೇ. ಸ್ವಚ್ಛತೆಯ ಭರದಲ್ಲಿ ಟ್ರಂಕು ತೆರೆದಾಗ ಪಾತ್ರೆಯವಳನ್ನು ಕರೆಯುವ ಮೊದಲು, ಹಿರಿಯರ ನಾಲ್ಕು ನೂಲಿನ ಸೀರೆ, ಎರಡು ಧೋತರಗಳನ್ನು ಬೇರೆ ಎತ್ತಿಡಿರಿ. ಅವು ಯಾರವು, ಯಾವ ಸಂದರ್ಭದವು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಮಡಿಕೆಯೊಳಗಿಡಿರಿ. ಕೌದಿ ಹೊಲಿಯುವವಳು ಬಾಗಿಲಿಗೆ ಬಂದರೆ ಅವಳ ನಾಲ್ಕು ದಿನದ ಕೂಲಿಯಲ್ಲಿ ಚೌಕಾಸಿ ಮಾಡಬೇಡಿರಿ. ಆ ವಿದ್ಯೆ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹೊಲಿಸಿದ ಕೌದಿಯನ್ನು ಅತಿಥಿಗಳು ಬಂದಾಗ ಮಡಿಚಿ ಅಟ್ಟಕ್ಕೆ ಸೇರಿಸದೆ ಮಂಚದ ಮೇಲೆಯೇ ಹರಡಿರಿ. ಮಾಘದ ಬಿಸಿಲು ಏರಿದ ಮೇಲೆ ಒಗೆದು, ಚೆನ್ನಾಗಿ ಒಣಗಿಸಿ, ಬೇವಿನ ಎಲೆಯೊಂದಿಗೆ ಟ್ರಂಕಿನಲ್ಲಿಟ್ಟರೆ ಬಹುಕಾಲ ಬಾಳುತ್ತದೆ.

ಸಂಕ್ರಾಂತಿಗೆ ಮಕ್ಕಳು ಮತ್ತೆ ಬಂದಾರು. ಅಷ್ಟರೊಳಗೆ ಬಿಸಿಲಿಗೊಂದು ಕುರ್ಚಿ, ನೆಲಕ್ಕೊಂದು ಕಂಬಳಿ, ಗುಬ್ಬಿಗೊಂದು ತೆನೆ, ಗೋಡೆಗೊಂದು ಕನ್ನಡದ ಕ್ಯಾಲೆಂಡರು, ಮಂಚಕ್ಕೊಂದು ಕೌದಿ ಸಿದ್ಧವಾಗಿರಲಿ. ಬರುವ ಸಂಚಿಕೆಯಲ್ಲಿ ಭೋಗಿಯ ಸಜ್ಜೆರೊಟ್ಟಿ, ಎಣ್ಣೆಗಾಯಿ ಪಲ್ಯಗಳೊಂದಿಗೆ ಮತ್ತೆ ಭೇಟಿಯಾಗೋಣ.